ರಸೀದಿ ಪಾಪ್‌ಅಪ್ ಆಂಡ್ರಾಯ್ಡ್‌ನಲ್ಲಿ ತೆರೆಯುತ್ತೆ, ಐಫೋನ್‌ನಲ್ಲಿ ಇಲ್ಲ; ಡೈಲಾಗ್‌ನ ಬಟನ್ನೂ ಕಾಣೆ

ಮಂಟಪದ ಕೋಡಿಗ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆ ಒಂದು ಕಲ್ಯಾಣ ಮಂಟಪಕ್ಕೆ ಬುಕಿಂಗ್ ಸೈಟ್ ಮಾಡಿಕೊಟ್ಟಿದ್ದೀನಿ. ಫ್ರೇಮ್‌ವರ್ಕ್ ಏನೂ ಇಲ್ಲ, ಸಾದಾ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಕ್ಯಾಲೆಂಡರ್‌ನಲ್ಲಿ ತಾರೀಖು ಮುಟ್ಟಿದರೆ ಒಂದು ಡೈಲಾಗ್ (ಪುಟದ ಮೇಲೆ ಏಳೋ ಚಿಕ್ಕ ಚೌಕಟ್ಟು) ಬರುತ್ತೆ: ಹೆಸರು, ಫೋನು, ಎಷ್ಟು ಎಲೆ ಊಟ, ಮುಂಗಡ ಎಷ್ಟು. ಕೆಳಗೆ "ಖಚಿತಪಡಿಸಿ" ಬಟನ್. ಒತ್ತಿದರೆ ಸರ್ವರ್‌ನಿಂದ ರಸೀದಿ ನಂಬರ್ ಬಂದು, ರಸೀದಿ ಹೊಸ ಟ್ಯಾಬ್‌ನಲ್ಲಿ ತೆರೆಯಬೇಕು.

ನನ್ನ ಲ್ಯಾಪ್‌ಟಾಪ್‌ನ ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನು, ಎಲ್ಲದರಲ್ಲೂ ಚೆನ್ನಾಗಿದೆ. ನೆನ್ನೆ ಹುಡುಗಿ ಅಪ್ಪ ಒಬ್ಬರು ಐಫೋನ್‌ನಲ್ಲಿ ಬುಕ್ ಮಾಡಿದ್ದಾರೆ. ಬಟನ್ ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಇನ್ನೊಂದು ಸಲ ಒತ್ತಿದರು. ಬೆಳಿಗ್ಗೆ ಮಂಟಪದ ಯಜಮಾನರು ಫೋನ್ ಮಾಡಿ "ಏನಪ್ಪಾ, ಒಂದೇ ಮುಹೂರ್ತಕ್ಕೆ ಒಬ್ಬರೇ ಮೂರು ಮದುವೆ ಮಾಡ್ತಿದ್ದಾರಲ್ಲ" ಅಂದರು. ಬುಕಿಂಗ್ ಮೂರೂ ಆಗಿದೆ, ರಸೀದಿ ಮಾತ್ರ ಒಂದೂ ತೆರೆದಿಲ್ಲ.

ಇನ್ನೊಂದು ದೂರು: ಆ ಬಟನ್ ಅರ್ಧ ಮಾತ್ರ ಕಾಣ್ತಿತ್ತಂತೆ, ಸ್ಕ್ರೋಲ್ ಮಾಡಿದರೆ ಡೈಲಾಗ್ ಬಿಟ್ಟು ಹಿಂದಿನ ಪುಟ ಓಡ್ತಿತ್ತಂತೆ. ನನ್ನ ಹತ್ತಿರ ಐಫೋನ್ ಇಲ್ಲ. ಎಲ್ಲಿಂದ ಶುರು ಮಾಡಲಿ?

---

ಹಳೇಬೇರು · ಸೋಮವಾರ, ರಾತ್ರಿ 10:05

ಮೊದಲು ಮೂರು ಬುಕಿಂಗ್ ವಿಷಯ. ಅದು ಸಫಾರಿ (ಐಫೋನ್‌ನ ಬ್ರೌಸರ್) ತಪ್ಪಲ್ಲ, ನಿಮ್ಮದು. ಒತ್ತಿದ ತಕ್ಷಣ ಬಟನ್ ಡಿಸೇಬಲ್ ಮಾಡಿ. ಡೇಟಾಬೇಸ್‌ನಲ್ಲಿ ತಾರೀಖು ಮತ್ತು ಮುಹೂರ್ತಕ್ಕೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ದಾಖಲೆ ಎರಡು ಸಲ ಸೇರದ ಹಾಗೆ ತಡೆ) ಹಾಕಿ. ಇವತ್ತು ರಾತ್ರಿಯೇ ಹಾಕಿ.

ಇನ್ನು ಪಾಪ್‌ಅಪ್. ಎರಡು ವಿಷಯ ಹೇಳಿ. ಅದೇ ಐಫೋನ್‌ನಲ್ಲಿ ಕ್ರೋಮ್ ಇದ್ದರೆ ಅದರಲ್ಲೂ ಹೀಗೇನಾ? ವಿಂಡೋ ಡಾಟ್ ಓಪನ್ (ಹೊಸ ಟ್ಯಾಬ್ ತೆರೆಯೋ ಆಜ್ಞೆ) ಅನ್ನು ಫೆಚ್‌ಗಿಂತ (ಸರ್ವರ್‌ಗೆ ಕೇಳೋ ಆಜ್ಞೆ) ಮೊದಲು ಕರೀತೀರಾ, ಆಮೇಲಾ?

---

ಮಂಟಪದ ಕೋಡಿಗ · ಸೋಮವಾರ, ರಾತ್ರಿ 10:31

ಯೂನಿಕ್ ಕನ್‌ಸ್ಟ್ರೇಂಟ್ ಹಾಕಿದೆ ಸರ್. ಬೈಸಿಕೊಂಡಿದ್ದು ಸರಿಯಾಗಿದೆ.

ನಮ್ಮ ಭಾವನ ಐಫೋನ್ ಈಗ ಕೈಯಲ್ಲಿದೆ, ಐಒಎಸ್ 17. ಕ್ರೋಮ್‌ನಲ್ಲೂ ಅದೇ ಕಥೆ, ಅದಕ್ಕೇ ತಲೆ ಕೆಟ್ಟಿದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಬರೋದು ಇಲ್ಲಿ ಯಾಕೆ ಬರಲ್ಲ?

ಕೋಡ್ ಕ್ರಮ: ಕ್ಲಿಕ್, ಫೆಚ್, ಅವೇಟ್ (ಉತ್ತರಕ್ಕೆ ಕಾಯೋದು), ಉತ್ತರದಿಂದ ರಸೀದಿ ವಿಳಾಸ, ಕೊನೆಗೆ ವಿಂಡೋ ಡಾಟ್ ಓಪನ್.

---

ಹಳೇಬೇರು · ಸೋಮವಾರ, ರಾತ್ರಿ 10:58

ಐಫೋನ್‌ನ ಕ್ರೋಮ್ ಹೆಸರಿಗೆ ಕ್ರೋಮ್. ಒಳಗೆ ಓಡೋದು ಸಫಾರಿಯದ್ದೇ ವೆಬ್‌ಕಿಟ್ ಎಂಜಿನ್. ನಮ್ಮಲ್ಲಿ ಸಿಗೋ ಐಫೋನ್‌ನಲ್ಲಿ ಫೈರ್‌ಫಾಕ್ಸ್, ಎಡ್ಜ್ ಯಾವುದನ್ನೇ ಹಾಕಿ, ಪುಟ ತೋರಿಸೋದು ವೆಬ್‌ಕಿಟ್ಟೇ. ಹಾಗಾಗಿ "ಎರಡು ಬ್ರೌಸರ್‌ನಲ್ಲಿ ನೋಡಿದೆ" ಅಂತ ಗ್ರಾಹಕರು ಹೇಳಿದರೆ ನೀವು ಒಂದೇ ಅಂತ ಲೆಕ್ಕ ಹಾಕಬೇಕು.

ಈಗ ಕಾರಣ. ಹೊಸ ವಿಂಡೋ ತೆರೆಯೋಕೆ ಬ್ರೌಸರ್ ಒಂದೇ ಪ್ರಶ್ನೆ ಕೇಳುತ್ತೆ: ಇದನ್ನ ಕೇಳಿದ್ದು ಬಳಕೆದಾರನ ಬೆರಳಾ, ನಿನ್ನ ಸ್ಕ್ರಿಪ್ಟಾ? ಬೆರಳು ಮುಟ್ಟಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಆ ಅನುಮತಿ ಜೀವಂತ. ಕ್ರೋಮ್ ಸುಮಾರು 5 ಸೆಕೆಂಡ್ ಕೊಡುತ್ತೆ. ಸಫಾರಿ ಪಾಪ್‌ಅಪ್ ವಿಷಯದಲ್ಲಿ ಅಷ್ಟು ಉದಾರಿ ಅಲ್ಲ. ನಿಮ್ಮ ಸರ್ವರ್ ಉತ್ತರ ಬರೋ ಹೊತ್ತಿಗೆ ಅದು ಬೆರಳನ್ನ ಮರೆತಿರುತ್ತೆ, ಓಪನ್ ಕರೆದರೆ ಸದ್ದಿಲ್ಲದೆ ನಲ್ (ಏನೂ ಇಲ್ಲ ಅಂತ) ವಾಪಸ್ ಕೊಡುತ್ತೆ. ಕ್ರೋಮ್‌ನಲ್ಲಿ ನಿಮಗೆ ಕೆಲಸ ಮಾಡ್ತಿರೋದು ಸರ್ವರ್ ಬೇಗ ಉತ್ತರಿಸ್ತಿದೆ ಅಂತ ಅಷ್ಟೇ. ಮದುವೆ ಸೀಸನ್‌ನಲ್ಲಿ ಸರ್ವರ್ ಆರು ಸೆಕೆಂಡ್ ತಗೊಂಡ ದಿನ ಆಂಡ್ರಾಯ್ಡ್‌ನವರೂ ಫೋನ್ ಮಾಡ್ತಾರೆ.

ಪರಿಹಾರ: ಕ್ರಮ ತಿರುಗಿಸಿ. ಕ್ಲಿಕ್ ಆದ ತಕ್ಷಣ, ಯಾವ ಅವೇಟ್‌ಗೂ ಮೊದಲು, ಖಾಲಿ ವಿಂಡೋ ತೆರೆದು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಅದರೊಳಗೆ "ರಸೀದಿ ತಯಾರಾಗುತ್ತಿದೆ" ಅಂತ ಒಂದು ಸಾಲು ಬರೀರಿ. ಆಮೇಲೆ ಫೆಚ್. ಉತ್ತರ ಬಂದ ಮೇಲೆ ಆ ವಿಂಡೋದ ಲೊಕೇಶನ್‌ಗೆ ರಸೀದಿ ವಿಳಾಸ ಕೊಡಿ. ಫೆಚ್ ಸೋತರೆ ವಿಂಡೋ ಮುಚ್ಚೋದು ಮರೀಬೇಡಿ, ಇಲ್ಲದಿದ್ದರೆ ಜನ ಆ ಬಿಳಿ ಟ್ಯಾಬ್ ನೋಡ್ತಾ ಕೂತಿರ್ತಾರೆ.

---

ಹುಬ್ಬಳ್ಳಿ ಗಿರ್ಮಿಟ್ · ಸೋಮವಾರ, ರಾತ್ರಿ 11:20

ಈ ಪಾಪ್‌ಅಪ್ ಗೋಳು ಇವತ್ತಿಂದಲ್ರೀ. ನಾ ಕೆಲಸಕ್ಕ ಸೇರಿದಾಗ ಒಂದು ಆಫೀಸಿನ ಒಳಗಿನ ಸಾಫ್ಟ್‌ವೇರ್ ಇತ್ತು, ಎಲ್ಲಾ ಶೋ ಮೋಡಲ್ ಡೈಲಾಗ್ ಮ್ಯಾಲೇ ನಿಂತಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದ್ದು. ಅದನ್ನ ಕರದ್ರ ಹಿಂದಿನ ಪುಟ ಪೂರ್ತಿ ನಿಂತಬಿಡ್ತಿತ್ತು, ಡೈಲಾಗ್ ಮುಚ್ಚಿದ ಮ್ಯಾಲೆ ಉತ್ತರ ಹಿಡ್ಕೊಂಡು ಮುಂದಿನ ಸಾಲು ಓಡ್ತಿತ್ತು. ಬರಿಯೋರಿಗೆ ಭಾಳ ಸುಲಭ, ಬ್ರೌಸರ್‌ಗೆ ಭಾಳ ತ್ರಾಸ.

2014ರಾಗ ಕ್ರೋಮ್ 37 ಬಂತು, ಅದನ್ನ ಕಿತ್ತು ಒಗದ್ರು. ಒಂದು ಮುಂಜಾನೆ ಆಫೀಸಿನ ಮಂದಿ ಎಲ್ಲಾ "ಬಟನ್ ಸತ್ತೈತಿ" ಅಂತ ಕೂಗಾಕ ಹತ್ತಿದ್ರು. ಮಜಾ ಏನಂದ್ರ, ಅದೇ 37ನೇ ಆವೃತ್ತಿಯೊಳಗ ಈಗಿನ ಡೈಲಾಗ್ ಎಲಿಮೆಂಟ್ (ಡೈಲಾಗ್‌ಗಂತನ ಇರೋ ಎಚ್‌ಟಿಎಂಎಲ್ ಟ್ಯಾಗ್) ಹುಟ್ಟಿದ್ದು. ಒಂದು ಕೈಯಾಗ ಕಸ್ಕೊಂಡು ಇನ್ನೊಂದು ಕೈಯಾಗ ಕೊಟ್ರು. ಆದ್ರ ಫೈರ್‌ಫಾಕ್ಸ್ 98, ಸಫಾರಿ 15.4 ಅದನ್ನ ಕೊಡಾಕ 2022ರ ಮಾರ್ಚ್ ತನಕ ಕಾಯಿಸಿದ್ರು. ಆ ಎಂಟು ವರ್ಷ ಎಲ್ಲರೂ ಡಿವ್ (ಸಾದಾ ಡಬ್ಬಿಯಂಥ ಟ್ಯಾಗ್) ಮ್ಯಾಲೆ ಡಿವ್ ಹೇರಿ ಸುಳ್ಳು ಡೈಲಾಗ್ ಕಟ್ಟಿದ್ವಿ. ನಿಮ್ಮದೂ ಅದೇ ಇರಬೇಕು ನೋಡ್ರಿ.

---

ಮಂಟಪದ ಕೋಡಿಗ · ಮಂಗಳವಾರ, ಬೆಳಿಗ್ಗೆ 7:15

ಗಿರ್ಮಿಟ್ ಸರ್, ಹೌದು, ಡಿವ್ ಮೇಲೆ ಡಿವ್. ಜೆಡ್ ಇಂಡೆಕ್ಸ್ (ಯಾವುದು ಮೇಲೆ ಕಾಣಬೇಕು ಅನ್ನೋ ಅಂಕಿ) 99999.

ಹಳೇಬೇರು ಸರ್, ಹೇಳಿದ ಹಾಗೆ ಮಾಡಿದೆ. ಈಗ ವಿಚಿತ್ರ ಆಗ್ತಿದೆ. ಖಾಲಿ ಟ್ಯಾಬ್ ತೆರೆಯುತ್ತೆ, ಹಾಗೇ ಖಾಲಿ ಇರುತ್ತೆ. ಹಿಂದಿನ ಪುಟಕ್ಕೆ ಬಂದರೆ "ಪಾಪ್‌ಅಪ್ ತಡೆಯಲಾಗಿದೆ" ಅನ್ನೋ ನನ್ನದೇ ಸಂದೇಶ ಕೂತಿದೆ! ತೆರೆದೂ ತಡೆದಿದೆ ಅನ್ನುತ್ತೆ. ಇದು ಕ್ರೋಮ್‌ನಲ್ಲೂ ಆಗ್ತಿದೆ, ಅಂದರೆ ಇದ್ದಿದ್ದೂ ಹೋಯ್ತು.

---

ಕಡಲತೀರ · ಮಂಗಳವಾರ, ಬೆಳಿಗ್ಗೆ 8:02

ಓಪನ್‌ನ ಮೂರನೇ ಆರ್ಗ್ಯುಮೆಂಟ್‌ನಲ್ಲಿ ನೋಓಪನರ್ ಹಾಕಿದ್ದೀರಾ?

---

ಮಂಟಪದ ಕೋಡಿಗ · ಮಂಗಳವಾರ, ಬೆಳಿಗ್ಗೆ 8:06

ಹೂಂ ಮೇಡಂ, ಸುರಕ್ಷತೆಗೆ ಹಾಕಬೇಕು ಅಂತ ಲಿಂಟರ್ (ಕೋಡ್‌ನ ತಪ್ಪು ಹುಡುಕೋ ಸಾಧನ) ಹೇಳ್ತು.

---

ಕಡಲತೀರ · ಮಂಗಳವಾರ, ಬೆಳಿಗ್ಗೆ 8:30

ಅದೇ ಮಾರಾಯ್ರೆ. ನೋಓಪನರ್ ಅಂದರೆ "ತೆರೆದವನಿಗೂ ತೆರೆದದ್ದಕ್ಕೂ ಸಂಬಂಧ ಇಲ್ಲ" ಅಂತ. ಹಾಗೆ ಕೇಳಿದ ಮೇಲೆ ಬ್ರೌಸರ್ ಟ್ಯಾಬ್ ತೆರೆದು ನಿಮ್ಮ ಕೈಗೆ ನಲ್ ಕೊಡ್ತದೆ. ಹಿಡಿಯಲಿಕ್ಕೆ ಹಗ್ಗವೇ ಇಲ್ಲದ ಕರು. ನಿಮ್ಮ ಕೋಡ್ ನಲ್ ನೋಡಿ ತಡೆದಿದ್ದಾರೆ ಅಂತ ತಿಳ್ಕೊಂಡಿತು. ರಸೀದಿ ನಿಮ್ಮದೇ ಸೈಟ್‌ನ ಪುಟ ಆದರೆ ಅದು ಬೇಡ, ತೆಗೆಯಿರಿ. ಬೇರೆಯವರ ಪುಟ ಆದರೆ ಮೊದಲು ಹಾಗೇ ತೆರೆದು, ಲೊಕೇಶನ್ ಕೊಡುವ ಮೊದಲು ಆ ವಿಂಡೋದ ಓಪನರ್‌ಗೆ ನಲ್ ಹಾಕಿ.

ಇದರ ಜತೆ ಇನ್ನೊಂದು ಉಂಟು, ಮುಂದೆ ಸಿಕ್ಕಿಕೊಳ್ಳಬಹುದು. ಸರ್ವರ್ ಹೆಡರ್‌ನಲ್ಲಿ ಕ್ರಾಸ್ ಒರಿಜಿನ್ ಓಪನರ್ ಪಾಲಿಸಿಯನ್ನು ಸೇಮ್ ಒರಿಜಿನ್ ಅಂತ ಇಟ್ಟರೆ, ಬೇರೆ ಸೈಟ್‌ನ ಪಾಪ್‌ಅಪ್ (ಲಾಗಿನ್, ಪಾವತಿ) ತೆರೆದ ಮೇಲೆ ಸಂಪರ್ಕ ಕಡಿದು ಹೋಗ್ತದೆ. ಪಾಪ್‌ಅಪ್ ಎದುರಿಗೇ ಇದ್ದರೂ "ಮುಚ್ಚಿದೆ" ಅಂತ ನಿಮ್ಮ ಕೋಡ್‌ಗೆ ಕಾಣ್ತದೆ. ಅಂಥಲ್ಲಿ ಸೇಮ್ ಒರಿಜಿನ್ ಅಲೋ ಪಾಪ್‌ಅಪ್ಸ್ ಬೇಕು.

ಆದರೆ ನಾನು ಕೇಳುವುದು ಬೇರೆ. ಪಾಪ್‌ಅಪ್ ಯಾಕೆ ಬೇಕು? ಬುಕಿಂಗ್ ಆಯ್ತು ಅಂತ ಅದೇ ಡೈಲಾಗ್‌ನಲ್ಲಿ ತೋರಿಸಿ, ಕೆಳಗೆ "ರಸೀದಿ ನೋಡಿ" ಅಂತ ಒಂದು ಸಾದಾ ಲಿಂಕ್ ಇಡಿ. ಬೆರಳು ಲಿಂಕನ್ನೇ ಮುಟ್ಟುವಾಗ ಯಾವ ಬ್ಲಾಕರ್‌ನದ್ದೂ ತಕರಾರಿಲ್ಲ. ಹೆಚ್ಚು ಅಂದರೆ ಒಂದು ಸಲ ಹೆಚ್ಚು ಮುಟ್ಟಬೇಕು. ಖಾಲಿ ವಿಂಡೋ ಉಪಾಯ ನಾನೂ ವರ್ಷಗಟ್ಟಲೆ ಮಾಡಿದ್ದೇನೆ, ಈಗ ಎಲ್ಲಿ ಕಂಡರೂ ಕಿತ್ತು ಲಿಂಕ್ ಹಾಕ್ತೇನೆ.

---

ಹಳೇಬೇರು · ಮಂಗಳವಾರ, ಬೆಳಿಗ್ಗೆ 9:10

ಒಪ್ಪಿದೆ. ಲಿಂಕೇ ವಾಸಿ. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳಬೇಕಾದ್ದನ್ನ ಕೇಳಲಿಲ್ಲ.

---

ಮಂಟಪದ ಕೋಡಿಗ · ಮಂಗಳವಾರ, ಸಂಜೆ 6:45

ಲಿಂಕ್ ಹಾಕಿದೆ. ಹತ್ತು ಸಾಲು ಕೋಡ್ ಕಮ್ಮಿ ಆಯ್ತು. ಭಾವನ ಫೋನ್‌ನಲ್ಲಿ ರಸೀದಿ ಬಂತು.

ಎರಡನೇ ತೊಂದರೆಗೆ ಬರ್ತೀನಿ. ಡೈಲಾಗ್ ಎತ್ತರ 100 ವಿಎಚ್ (ಪರದೆ ಎತ್ತರದ ನೂರಕ್ಕೆ ನೂರು), ಪೊಸಿಷನ್ ಫಿಕ್ಸೆಡ್ (ಪರದೆಗೆ ಅಂಟಿಸಿದ್ದು), ಪುಟದ ಬಾಡಿ ಟ್ಯಾಗ್‌ಗೆ ಓವರ್‌ಫ್ಲೋ ಹಿಡನ್ (ಸ್ಕ್ರೋಲ್ ಬಂದ್). ಐಫೋನ್‌ನಲ್ಲಿ "ಖಚಿತಪಡಿಸಿ" ಬಟನ್ ಕೆಳಗಿನ ಅಡ್ರೆಸ್ ಬಾರ್ ಹಿಂದೆ ಹೂತುಹೋಗುತ್ತೆ. ಫೋನ್ ನಂಬರ್ ಕಾಲಂ ಮುಟ್ಟಿದರೆ ಇಡೀ ಪುಟ ದೊಡ್ಡದಾಗಿ ಪಕ್ಕಕ್ಕೆ ಜಾರುತ್ತೆ.

---

ಕಡಲತೀರ · ಮಂಗಳವಾರ, ರಾತ್ರಿ 8:20

ಒಂದೊಂದಾಗಿ ಬಿಡಿಸುವ.

ಬಟನ್: ಐಫೋನ್ ಸಫಾರಿಯಲ್ಲಿ 100 ವಿಎಚ್ ಅಂದರೆ ಅಡ್ರೆಸ್ ಬಾರ್ ಮಡಚಿಕೊಂಡಾಗ ಸಿಗುವ ಪೂರ್ತಿ ಎತ್ತರ. ಬಾರ್ ಬಿಚ್ಚಿಕೊಂಡಿರುವಾಗ ಅಷ್ಟು ಜಾಗ ಇರುವುದಿಲ್ಲ, ನಿಮ್ಮ ಕೆಳಗಿನ ಬಟನ್ ಅದರ ಅಡಿಗೆ ಹೋಗ್ತದೆ. ಡಿವಿಎಚ್ ಬಳಸಿ, ಅದು ಆ ಕ್ಷಣಕ್ಕೆ ಕಾಣುವ ಎತ್ತರಕ್ಕೆ ಹೊಂದಿಕೊಳ್ತದೆ. ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108ರಿಂದ ಉಂಟು. ಮೊದಲ ಸಾಲಿನಲ್ಲಿ ಮ್ಯಾಕ್ಸ್ ಹೈಟ್ 85 ವಿಎಚ್, ಅದರ ಕೆಳಗಿನ ಸಾಲಿನಲ್ಲಿ 90 ಡಿವಿಎಚ್ ಬರೆದರೆ ಹಳೆಯ ಬ್ರೌಸರ್ ತನಗೆ ಅರ್ಥವಾಗದ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಹಿಡಿಯುತ್ತದೆ. ಮತ್ತೆ, ಬಟನ್ ಇರುವ ಪಟ್ಟಿಯನ್ನು ಸ್ಕ್ರೋಲ್ ಆಗುವ ಭಾಗದ ಹೊರಗೆ ಇಡಿ. ಫಾರ್ಮ್ ಮಾತ್ರ ಸ್ಕ್ರೋಲ್ ಆಗಲಿ.

ಪುಟ ದೊಡ್ಡದಾಗುವುದು: ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ತಾನೇ ಝೂಮ್ ಮಾಡ್ತದೆ. ನಿಮ್ಮದು 14 ಇರಬೇಕು. 16 ಮಾಡಿ, ನಿಲ್ತದೆ. ವ್ಯೂಪೋರ್ಟ್ ಟ್ಯಾಗ್‌ನಲ್ಲಿ ಝೂಮ್ ಬಂದ್ ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಕಣ್ಣು ಮಂಜಾದ ಅಜ್ಜಂದಿರಿಗೆ ಬೆರಳಲ್ಲಿ ಹಿಗ್ಗಿಸಿ ಓದುವುದೇ ದಾರಿ.

ಹಿಂದಿನ ಪುಟ ಓಡುವುದು: ಐಒಎಸ್ 16ರ ಮೊದಲು ಬಾಡಿ ಟ್ಯಾಗ್‌ಗೆ ಹಾಕಿದ ಓವರ್‌ಫ್ಲೋ ಹಿಡನ್ ಅನ್ನು ಐಫೋನ್ ಸಫಾರಿ ಲೆಕ್ಕಕ್ಕೇ ತಗೊಳ್ತಿರಲಿಲ್ಲ. ಅಂಥ ಫೋನ್‌ಗೆ ಹಳೆಯ ಮದ್ದು: ಡೈಲಾಗ್ ತೆರೆಯುವಾಗ ಈಗಿನ ಸ್ಕ್ರೋಲ್ ಜಾಗ ಬರೆದಿಟ್ಟುಕೊಂಡು, ಬಾಡಿಯನ್ನು ಪೊಸಿಷನ್ ಫಿಕ್ಸೆಡ್ ಮಾಡಿ, ಟಾಪ್‌ಗೆ ಅಷ್ಟೇ ಮೈನಸ್ ಕೊಡಿ. ಮುಚ್ಚುವಾಗ ಎಲ್ಲ ತೆಗೆದು ಅದೇ ಜಾಗಕ್ಕೆ ಸ್ಕ್ರೋಲ್ ಮಾಡಿ. ಅಗಲ 100% ಹಾಕದಿದ್ದರೆ ಪುಟ ಕುಗ್ಗುತ್ತದೆ. ಹೊಸ ಫೋನ್‌ಗೆ ಇಷ್ಟು ಬೇಡ, ಸ್ಕ್ರೋಲ್ ಆಗುವ ಭಾಗಕ್ಕೆ ಓವರ್‌ಸ್ಕ್ರೋಲ್ ಬಿಹೇವಿಯರ್ ಕಂಟೇನ್ (ಸ್ಕ್ರೋಲ್ ಹಿಂದಿನ ಪುಟಕ್ಕೆ ದಾಟದ ಹಾಗೆ) ಕೊಟ್ಟರೆ ಹೆಚ್ಚಿನದ್ದು ಮುಗೀತದೆ.

ಇಷ್ಟೆಲ್ಲ ಮಾಡುವಾಗ ಡಿವ್ ಬಿಟ್ಟು ಡೈಲಾಗ್ ಎಲಿಮೆಂಟ್‌ಗೇ ಬನ್ನಿ. ಅದರ ಶೋ ಮೋಡಲ್ (ಗಿರ್ಮಿಟ್ ಹೇಳಿದ ಹಳೆಯದಲ್ಲ, ಈ ಎಲಿಮೆಂಟನ್ನು ತೆರೆಯುವ ಆಜ್ಞೆ) ಕರೆದರೆ ಹಿಂದಿನ ಪುಟ ತಾನಾಗಿ ನಿಷ್ಕ್ರಿಯ, ಎಸ್ಕೇಪ್ ಕೀ ಕೆಲಸ ಮಾಡ್ತದೆ, ಜೆಡ್ ಇಂಡೆಕ್ಸ್ ಜಗಳ ಇಲ್ಲ. ಒಂದು ಮಾತ್ರ: ಅದೂ ಹಿಂದಿನ ಪುಟದ ಸ್ಕ್ರೋಲ್ ನಿಲ್ಲಿಸುವುದಿಲ್ಲ, ಯಾವ ಬ್ರೌಸರ್‌ನಲ್ಲೂ. ಆ ಕೆಲಸ ನಿಮ್ಮದೇ.

---

ಹೊಸಬ · ಮಂಗಳವಾರ, ರಾತ್ರಿ 9:00

ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನಾನು ಡೈಲಾಗ್ ಎಲಿಮೆಂಟ್ ಹಾಕಿದೆ, ಅದು ಪುಟ ತೆರೆದಾಗಲೇ ಕಾಣ್ತಿದೆ, ಕ್ಲೋಸ್ ಕರೆದರೂ ಹೋಗಲ್ಲ. ಬ್ರೌಸರ್‌ನದೇ ದೋಷನಾ?

---

ಹಳೇಬೇರು · ಮಂಗಳವಾರ, ರಾತ್ರಿ 9:04

ಡೈಲಾಗ್‌ಗೆ ಡಿಸ್‌ಪ್ಲೇ ಫ್ಲೆಕ್ಸ್ (ಸಾಲಾಗಿ ಜೋಡಿಸಿ ತೋರಿಸು ಅನ್ನೋದು) ಕೊಟ್ಟಿದ್ದೀರಿ. ಮುಚ್ಚಿದಾಗ ಬ್ರೌಸರ್ ಹಾಕೋ ಡಿಸ್‌ಪ್ಲೇ ನನ್ (ತೋರಿಸಬೇಡ ಅನ್ನೋದು) ಅನ್ನ ಅದು ನುಂಗಿದೆ. ಓಪನ್ ಆಟ್ರಿಬ್ಯೂಟ್ ಇದ್ದಾಗ ಮಾತ್ರ ಫ್ಲೆಕ್ಸ್ ಕೊಡಿ.

---

ಹೊಸಬ · ಮಂಗಳವಾರ, ರಾತ್ರಿ 9:11

ಹೋಯ್ತು! ಆದರೆ ಈಗ ಎಡಗಡೆ ಮೂಲೆಗೆ ಅಂಟಿಕೊಂಡಿದೆ.

---

ಹಳೇಬೇರು · ಮಂಗಳವಾರ, ರಾತ್ರಿ 9:13

ಎಲ್ಲದಕ್ಕೂ ಮಾರ್ಜಿನ್ ಸೊನ್ನೆ ಮಾಡೋ ರೀಸೆಟ್ ಇದೆ. ಟೇಲ್‌ವಿಂಡ್ 4 (ಸಿದ್ಧ ಸಿಎಸ್‌ಎಸ್ ಕಟ್ಟು) ಇದ್ದರೂ ಇದೇ ಆಗುತ್ತೆ. ಡೈಲಾಗ್‌ಗೆ ಮಾರ್ಜಿನ್ ಆಟೋ ವಾಪಸ್ ಕೊಡಿ.

---

ಮಂಟಪದ ಕೋಡಿಗ · ಬುಧವಾರ, ರಾತ್ರಿ 8:50

ಡೈಲಾಗ್ ಎಲಿಮೆಂಟ್‌ಗೆ ಬದಲಾಯಿಸಿದೆ. ಡಿವಿಎಚ್, 16 ಪಿಕ್ಸೆಲ್, ಎಲ್ಲ ಆಯ್ತು, ಬಟನ್ ಪೂರ್ತಿ ಕಾಣ್ತಿದೆ. ಒಂದು ಕೊಟ್ಟರೆ ಇನ್ನೊಂದು ಕಿತ್ಕೊಳ್ಳುತ್ತೆ ಅನ್ನೋ ಹಾಗೆ, ಮೂರು ಹೊಸ ತೊಂದರೆ. "ಫೋನ್ ನಂಬರ್ 10 ಅಂಕಿ ಇರಬೇಕು" ಅಂತ ಮೇಲಿಂದ ಇಳಿಯೋ ಸಂದೇಶ ಡೈಲಾಗ್ ಹಿಂದೆ ಮಸುಕಾಗಿ ಕಾಣುತ್ತೆ. ತಾರೀಖು ಆರಿಸೋ ಲೈಬ್ರರಿ ತೆರೆಯೋದೇ ಕಾಣಲ್ಲ. ಮುಂಗಡ ಕಟ್ಟೋ ಪಾವತಿ ಚೌಕಟ್ಟೂ ಹಿಂದೆ ಬಂದು ಕೂರುತ್ತೆ. ಜೆಡ್ ಇಂಡೆಕ್ಸ್‌ಗೆ ಒಂಬತ್ತು ಒಂಬತ್ತು ಸೇರಿಸಿ ಸೇರಿಸಿ ಬೆರಳು ನೋವು ಬಂತು.

---

ಹಳೇಬೇರು · ಬುಧವಾರ, ರಾತ್ರಿ 9:30

ಕೋಟಿ ಹಾಕಿದರೂ ಬರಲ್ಲ. ಶೋ ಮೋಡಲ್ ಕರೆದಾಗ ಡೈಲಾಗ್ ಟಾಪ್ ಲೇಯರ್ ಅನ್ನೋ ಬೇರೆಯದೇ ಅಟ್ಟ ಹತ್ತುತ್ತೆ. ಕೆಳಗಿನ ಮನೆಯಲ್ಲಿ ಎಷ್ಟು ಎತ್ತರದ ಏಣಿ ಇಟ್ಟರೂ ಅಟ್ಟದ ಮೇಲಿರೋರಿಗಿಂತ ಮೇಲಾಗಲ್ಲ. ಸಾಲದ್ದಕ್ಕೆ ಡೈಲಾಗ್ ಹೊರಗಿರೋದೆಲ್ಲ ನಿಷ್ಕ್ರಿಯ, ಮುಟ್ಟಿದರೂ ಸ್ಪಂದಿಸಲ್ಲ.

ಸಂದೇಶಕ್ಕೆ ಪಾಪ್‌ಓವರ್ ಆಟ್ರಿಬ್ಯೂಟ್ (ಪುಟದ ಮೇಲೆ ತೇಲಿಸಿ ತೋರಿಸೋ ಗುರುತು) ಹಾಕಿ ಅಂತ ಕೆಲವರು ಹೇಳ್ತಾರೆ. ಅದೂ ಟಾಪ್ ಲೇಯರ್‌ಗೇ ಹೋಗುತ್ತೆ, ಆಮೇಲೆ ತೆರೆದಿದ್ದರಿಂದ ಮೇಲೆ ಕಾಣುತ್ತೆ ನಿಜ. ಆದರೆ ಡೈಲಾಗ್ ಹೊರಗೆ ಬರೆದಿದ್ದರೆ ಅದರ "ಮುಚ್ಚಿ" ಗುರುತು ಒತ್ತೋಕೆ ಆಗಲ್ಲ. ಸಂದೇಶದ ಡಿವ್ ಅನ್ನ ಡೈಲಾಗ್ ಒಳಗೇ ಇಡಿ. ತಾರೀಖಿನ ಲೈಬ್ರರಿಗೂ ಅದೇ, ಬಾಡಿ ಟ್ಯಾಗ್ ಬದಲು ಡೈಲಾಗ್‌ಗೆ ಅಂಟಿಸೋ ಆಯ್ಕೆ ಬಹುತೇಕ ಎಲ್ಲದರಲ್ಲೂ ಇರುತ್ತೆ. ಪಾವತಿ ಚೌಕಟ್ಟು ಬೇರೆಯವರ ಸ್ಕ್ರಿಪ್ಟ್, ಅದನ್ನ ಒಳಗೆ ಎಳೆಯೋಕೆ ಹೋಗಬೇಡಿ. ನಿಮ್ಮ ಡೈಲಾಗ್ ಮುಚ್ಚಿ, ಪಾವತಿ ಮುಗಿದ ಮೇಲೆ ಮತ್ತೆ ತೆರೀರಿ.

ಪಾಪ್‌ಓವರ್ ಮಾತು ಬಂತಲ್ಲ: ಅದು ಕ್ರೋಮ್ 114, ಸಫಾರಿ 17, ಫೈರ್‌ಫಾಕ್ಸ್ 125ರಲ್ಲಿ ಬಂತು. ಆದರೆ ಐಫೋನ್‌ನಲ್ಲಿ ಹೊರಗೆ ಮುಟ್ಟಿದರೆ ಮುಚ್ಚೋದು ಸರಿಹೋಗಿದ್ದು ಐಒಎಸ್ 18.3ರಲ್ಲಿ. ನಿಮ್ಮ ಭಾವನ ಐಒಎಸ್ 17ರಲ್ಲಿ ತೆರೆದ ಮೆನು ತೆರೆದೇ ಇರುತ್ತೆ, ಒಳಗೊಂದು "ಮುಚ್ಚಿ" ಬಟನ್ ಇಡಿ.

---

ಕಿವಿಯಲ್ಲಿ ಓದುವವ · ಬುಧವಾರ, ರಾತ್ರಿ 10:15

ನನಗೆ ದೃಷ್ಟಿ ಇಲ್ಲ, ವಿಂಡೋಸ್‌ನಲ್ಲಿ ಎನ್‌ವಿಡಿಎ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಜತೆ ಕೆಲಸ ಮಾಡುತ್ತೇನೆ. ಡಿವ್ ಡೈಲಾಗ್ ತೆರೆದರೆ ನನಗೆ ಅದು ತೆರೆದದ್ದೇ ತಿಳಿಯುವುದಿಲ್ಲ. ಟ್ಯಾಬ್ ಒತ್ತುತ್ತಾ ಹಿಂದಿನ ಕ್ಯಾಲೆಂಡರ್‌ನ ಮೂವತ್ತು ತಾರೀಖುಗಳನ್ನು ಕೇಳುತ್ತಿರುತ್ತೇನೆ. ಹಾಗಾಗಿ ನೀವು ಬದಲಾಯಿಸಿದ್ದಕ್ಕೆ ಧನ್ಯವಾದ.

ಇನ್ನೆರಡು ನೋಡಿ. ಡೈಲಾಗ್‌ಗೆ ಅರಿಯಾ ಲೇಬಲ್ಡ್‌ಬೈ ಕೊಟ್ಟು ಶೀರ್ಷಿಕೆಗೆ ಜೋಡಿಸಿ. ಇಲ್ಲದಿದ್ದರೆ ಬರೀ "ಡೈಲಾಗ್" ಎಂದು ಕೇಳಿಸುತ್ತದೆ, ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನೆಯದು, ಮುಚ್ಚಿದ ಮೇಲೆ ಫೋಕಸ್ (ಕೀಬೋರ್ಡ್ ಈಗ ಎಲ್ಲಿದೆ ಎಂಬ ಗುರುತು) ಡೈಲಾಗ್ ತೆರೆದ ಬಟನ್‌ಗೇ ಮರಳಬೇಕು. ಶೋ ಮೋಡಲ್ ಬಳಸಿದರೆ ಬ್ರೌಸರ್ ತಾನೇ ಮರಳಿಸುತ್ತದೆ. ಆದರೆ ಮ್ಯಾಕ್ ಸಫಾರಿಯಲ್ಲಿ ಮೌಸ್‌ನಿಂದ ಬಟನ್ ಒತ್ತಿದರೆ ಆ ಬಟನ್‌ಗೆ ಫೋಕಸ್ ಬರುವುದೇ ಇಲ್ಲ, ಮೊದಲಿನಿಂದಲೂ ಹಾಗೆ. ಇಲ್ಲದ ಫೋಕಸ್ ಎಲ್ಲಿಗೆ ಮರಳಬೇಕು? ಒತ್ತಿದ ಬಟನ್ ಯಾವುದೆಂದು ನೀವೇ ನೆನಪಿಟ್ಟು, ಕ್ಲೋಸ್ ಆದಾಗ ಅದಕ್ಕೆ ಫೋಕಸ್ ಕೊಡಿ.

---

ಮಂಟಪದ ಕೋಡಿಗ · ಬುಧವಾರ, ರಾತ್ರಿ 10:40

ಇದು ನನ್ನ ತಲೆಗೇ ಬಂದಿರಲಿಲ್ಲ ಸರ್. ಎರಡೂ ಈಗಲೇ ಮಾಡ್ತೀನಿ. ಬುಕಿಂಗ್ ರದ್ದು ಮಾಡೋಕೆ ಸಾದಾ ಕನ್‌ಫರ್ಮ್ (ಬ್ರೌಸರ್‌ನದೇ ಪ್ರಶ್ನೆ ಚೌಕಟ್ಟು) ಬಳಸಿದ್ದೀನಿ, ಅದು ಇರಲಾ?

---

ಹುಬ್ಬಳ್ಳಿ ಗಿರ್ಮಿಟ್ · ಬುಧವಾರ, ರಾತ್ರಿ 11:05

ಬ್ಯಾಡ್ರಿ. ಕನ್‌ಫರ್ಮ್‌ನ ಬಟನ್ ಹೆಸರು ನಿಮ್ಮ ಕೈಯಾಗ ಇಲ್ಲ, ಬ್ರೌಸರ್ ಭಾಷೆಯೊಳಗ ಬರ್ತಾವು. ನೀವು ಕನ್ನಡದಾಗ "ಬುಕಿಂಗ್ ರದ್ದು ಮಾಡಲೇ?" ಅಂತ ಕೇಳ್ತೀರಿ, ಕೆಳಗ ಇಂಗ್ಲಿಷ್‌ನ್ಯಾಗ ಓಕೆ, ಕ್ಯಾನ್ಸಲ್. ಕ್ಯಾನ್ಸಲ್ ಅಂದ್ರ ಮದುವಿ ಕ್ಯಾನ್ಸಲ್ಲೋ, ರದ್ದು ಮಾಡೋದು ಕ್ಯಾನ್ಸಲ್ಲೋ? ನಿಮ್ಮ ಡೈಲಾಗ್‌ನ್ಯಾಗ "ಹೌದು, ರದ್ದು ಮಾಡಿ", "ಬ್ಯಾಡ, ಇರಲಿ" ಅಂತ ಬರೀರಿ.

ಇನ್ನೊಂದು, ನಾ ಅನುಭವಿಸಿದ್ದು. ಒಂದು ಸಾಮಾಜಿಕ ಜಾಲತಾಣದ ಆ್ಯಪ್ ಒಳಗಿಂದ ಲಿಂಕ್ ಒತ್ತಿದ್ರ ಅದರೊಳಗಿನ ಬ್ರೌಸರ್‌ನ್ಯಾಗ ಪುಟ ತೆರೀತಿತ್ತು, ಅಲರ್ಟ್, ಕನ್‌ಫರ್ಮ್ ಎರಡೂ ಮೂಗಾಗಿದ್ವು. ಆ್ಯಪ್ ಬರದವರು ಅದಕ್ಕಂತ ಕೋಡ್ ಹಾಕದಿದ್ರ ಐಫೋನ್ ವೆಬ್‌ವ್ಯೂ (ಆ್ಯಪ್ ಒಳಗಿನ ಬ್ರೌಸರ್) ಕನ್‌ಫರ್ಮ್ ತೋರಿಸೂದಿಲ್ಲ, ಜನ "ಕ್ಯಾನ್ಸಲ್" ಒತ್ತ್ಯಾರ ಅಂತ ತಾನೇ ತಿಳ್ಕೊಂತೈತಿ. ಆಂಡ್ರಾಯ್ಡ್ ವೆಬ್‌ವ್ಯೂದಾಗೂ ಅಲರ್ಟ್ ಕಾಣಬೇಕಂದ್ರ ಆ್ಯಪ್‌ನವರು ವೆಬ್ ಕ್ರೋಮ್ ಕ್ಲೈಂಟ್ ಜೋಡಿಸಿರಬೇಕು. ನಿಮ್ಮ ಡೈಲಾಗ್ ಎಲಿಮೆಂಟ್‌ಗೆ ಈ ಹಂಗಿಲ್ಲ, ಅದು ಪುಟದ್ದೇ ಭಾಗ.

---

ಮಂಟಪದ ಕೋಡಿಗ · ಗುರುವಾರ, ರಾತ್ರಿ 9:25

ವರದಿ ಒಪ್ಪಿಸ್ತಿದ್ದೀನಿ. ಕನ್‌ಫರ್ಮ್ ತೆಗೆದೆ. ಸಂದೇಶ, ತಾರೀಖು ಎರಡೂ ಡೈಲಾಗ್ ಒಳಗೆ ಬಂದವು. ಪಾವತಿಗೆ ಮೊದಲು ಡೈಲಾಗ್ ಮುಚ್ಚುತ್ತೆ.

ಯಾರೂ ಹೇಳದೆ ನಾನೇ ಹಿಡಿದಿದ್ದು ಒಂದಿದೆ: ಶೀರ್ಷಿಕೆ "ಕಲ್ಯಾಣ ಮಂಟಪ ಕಾಯ್ದಿರಿಸುವಿಕೆ" ಅಂತ ಇತ್ತು. ಲೈನ್ ಹೈಟ್ 1, ಓವರ್‌ಫ್ಲೋ ಹಿಡನ್. ವಿಂಡೋಸ್‌ನ ನಿರ್ಮಲಾ ಯುಐನಲ್ಲಿ ಸರಿ ಕಾಣ್ತಿತ್ತು, ಭಾವನ ಫೋನ್‌ನಲ್ಲಿ "ಲ್ಯಾ" ಒತ್ತಿನ ಬಾಲ ಕಟ್. ಲೈನ್ ಹೈಟ್ 1.5 ಮಾಡಿದೆ, ಬಾಲ ಬಂತು. ಒಂದೊಂದು ಫೋನಲ್ಲಿ ಒಂದೊಂದು ಕನ್ನಡ ಫಾಂಟ್ ಇರುತ್ತೆ ಅನ್ನೋದು ಮರೆತಿದ್ದೆ.

ಇನ್ನು ಉಳಿದಿರೋದು ಇದು. ನನ್ನ ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಬ್ಯಾಕ್ ಒತ್ತಿದರೆ ಡೈಲಾಗ್ ಮುಚ್ಚುತ್ತೆ. ಐಫೋನ್‌ನಲ್ಲಿ ಅಂಚಿನಿಂದ ಎಳೆದರೆ ಸೀದಾ ಹಿಂದಿನ ಪುಟಕ್ಕೆ ಹೋಗಿ ತುಂಬಿಸಿದ್ದೆಲ್ಲ ಹೋಗುತ್ತೆ.

---

ಕಡಲತೀರ · ಗುರುವಾರ, ರಾತ್ರಿ 9:50

ಹೌದು, ಹೊಸ ಕ್ರೋಮ್ ಆಂಡ್ರಾಯ್ಡ್‌ನ ಬ್ಯಾಕನ್ನು ಎಸ್ಕೇಪ್ ಕೀಯ ಹಾಗೆ ತಗೊಳ್ತದೆ. ಐಫೋನ್‌ನಲ್ಲಿ ಹಾಗಿಲ್ಲ. ಹಿಸ್ಟರಿಗೆ ಪುಶ್ ಸ್ಟೇಟ್ (ಇಲ್ಲದ ಪುಟದ ಎಂಟ್ರಿ ಸೇರಿಸುವುದು) ಮಾಡಿ ಹಿಡಿಯುವವರು ಇದ್ದಾರೆ, ನಾನು ಮಾಡಿ ಪಶ್ಚಾತ್ತಾಪ ಪಟ್ಟಿದ್ದೇನೆ. ಡೈಲಾಗ್ ಬಟನ್‌ನಿಂದ ಮುಚ್ಚಿದಾಗ ಆ ಸುಳ್ಳು ಎಂಟ್ರಿ ತೆಗೆಯಲು ಮರೆತರೆ ಜನ ಎರಡೆರಡು ಸಲ ಬ್ಯಾಕ್ ಹೋಗಬೇಕಾಗ್ತದೆ. ತುಂಬಿಸಿದ್ದನ್ನು ಆಗಾಗ ಸೆಷನ್ ಸ್ಟೋರೇಜ್‌ನಲ್ಲಿ (ಟ್ಯಾಬ್ ಮುಚ್ಚುವ ತನಕ ಉಳಿಯುವ ಬ್ರೌಸರ್ ಸಂಗ್ರಹ) ಇಟ್ಟು, ಮತ್ತೆ ತೆರೆದಾಗ ತುಂಬಿಸಿಕೊಡಿ. ಬಿಫೋರ್ ಅನ್‌ಲೋಡ್‌ನಲ್ಲಿ (ಪುಟ ಬಿಡುವ ಮೊದಲಿನ ಕ್ಷಣ) ಎಚ್ಚರಿಕೆ ತೋರಿಸುವ ಅಂತ ಕೂತರೆ ಐಫೋನ್ ಅದನ್ನು ಕೇಳುವುದಿಲ್ಲ.

---

ಮಂಟಪದ ಕೋಡಿಗ · ಶುಕ್ರವಾರ, ಬೆಳಿಗ್ಗೆ 7:40

ಸೆಷನ್ ಸ್ಟೋರೇಜ್ ಹಾಕಿದೆ. ಭಾವ ಫೋನ್ ವಾಪಸ್ ಕೇಳ್ತಿದ್ದಾರೆ. ಇನ್ನು ಮುಂದೆ ಐಫೋನ್ ಇಲ್ಲದೆ ನೋಡೋಕೆ ದಾರಿ ಇದೆಯಾ?

---

ಹಳೇಬೇರು · ಶುಕ್ರವಾರ, ಬೆಳಿಗ್ಗೆ 8:15

ಪ್ಲೇರೈಟ್ (ಬ್ರೌಸರ್‌ನಲ್ಲಿ ಸೈಟ್ ಪರೀಕ್ಷಿಸೋ ಸಾಧನ) ಜತೆ ಒಂದು ವೆಬ್‌ಕಿಟ್ ಬರುತ್ತೆ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತೆ. ಡೈಲಾಗ್ ವರ್ತನೆ, ಸಿಎಸ್‌ಎಸ್ ತಪ್ಪು ಬಹಳಷ್ಟು ಅಲ್ಲೇ ಸಿಗುತ್ತೆ. ಅಡ್ರೆಸ್ ಬಾರ್ ಮಡಚೋದು, ಕೀಬೋರ್ಡ್ ಏಳೋದು, ಅಂಚಿನಿಂದ ಎಳೆಯೋದು ಅದರಲ್ಲಿ ಸಿಗಲ್ಲ. ಅದಕ್ಕೆ ಭಾವನ ಜತೆ ಚೆನ್ನಾಗಿರಿ.

---

ಮಂಟಪದ ಕೋಡಿಗ · ಶುಕ್ರವಾರ, ಬೆಳಿಗ್ಗೆ 8:22

ಭಾನುವಾರ ಊಟಕ್ಕೆ ಕರೆದಿದ್ದೀನಿ ಸರ್. ಫೋನ್ ಚಾರ್ಜ್ ಮಾಡ್ಕೊಂಡು ಬನ್ನಿ ಅಂತಲೂ ಹೇಳಿದ್ದೀನಿ.